ಮೂಲೆ ಲೇತಿನ ಕುಂಕುಮ

ಟಿಫಿನ್ ಡಬ್ಬಿಗಳಿಂದ ಉಪ್ಪಿನಕಾಯಿ ಕದಿಯುತ್ತಿದ್ದವನನ್ನು ಹಿಡಿದುಕೊಟ್ಟ ದಿನದಿಂದ ಲೋಹದ ಬಿಡಿಭಾಗ ಮಾಡುವ ಪೀಣ್ಯದ ಆ ಶೆಡ್ಡಿನಲ್ಲಿ ವಾಸಂತಿಗೆ ‘ಪತ್ತೇದಾರಿ ಮೇಡಂ’ ಅನ್ನುವ ಹೆಸರು ಅಂಟಿಕೊಂಡಿತ್ತು. ಆಫೀಸಿನಲ್ಲಿ ಬಿಲ್ ಬರೆಯುವುದು ಅವಳ ಕೆಲಸ. ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ಅವಳ ಚಟ. ಯಾರಾದರೂ ರೇಗಿಸಿದರೆ ಮೇಲೆ ಸಿಡುಕುತ್ತಿದ್ದಳು, ಒಳಗೊಳಗೆ ಉಬ್ಬಿಹೋಗುತ್ತಿದ್ದಳು.

ಇವತ್ತು ಯಾರೂ ರೇಗಿಸಲಿಲ್ಲ. ಆಯುಧಪೂಜೆಯ ರಜೆ ಮುಗಿಸಿ ಬಾಗಿಲು ತೆಗೆದರೆ ಸ್ಟೋರಿನಲ್ಲಿದ್ದ ಹಿತ್ತಾಳೆ ಸರಳುಗಳು ಮಾಯ. ವಾಚ್‌ಮನ್ ಆಂಜಿನಪ್ಪ ಗೇಟಿನ ಹತ್ತಿರ, ಒಡೆದ ಬೂದುಗುಂಬಳದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದ.

“ಬೀಗ ಒಡೆದಿಲ್ಲ, ಶಟರ್ ಸರಿಯಾಗೇ ಇದೆ, ಕೀ ಇವನ ಹತ್ರ ಇತ್ತು. ಇನ್ನೇನ್ರೀ ಪ್ರೂಫ್ ಬೇಕು?” ಮಾಲೀಕ ಶ್ರೀಧರ್ ಫೋನನ್ನು ಜೇಬಿಗಿಳಿಸಿದರು. “ಪೊಲೀಸ್ನೋರು ಹೊರಟಿದ್ದಾರೆ.”

“ಪೂಜೆ ಆದ್ಮೇಲೆ ಬೀಗ ಆಕ್ಬುಟ್ಟು ಅತ್ತಿಬೆಲೆಗೆ ಓದೆ ಸಾಮಿ, ಅಬ್ಬಕ್ಕೆ. ನಾನು ಅಂಗೆಲ್ಲ ಮಾಡೋನಲ್ಲ. ವಾಸಂತಮ್ಮಾ, ನೀನಾದ್ರೂ ಒಂದ್ ಮಾತಾಡವ್ವ.”

ಮಳೆ ಬಂದ ದಿನ ವಾಸಂತಿಯನ್ನು ಬಸ್‌ಸ್ಟಾಪಿನ ತನಕ ಕೊಡೆ ಹಿಡಿದು ಬಿಟ್ಟುಬರುವ ಮುದುಕ. ಸ್ಟೇಷನ್ ಮೆಟ್ಟಿಲು ಹತ್ತಿದರೆ ಅವನ ಕಥೆ ಮುಗಿಯಿತು. ಪೆಟ್ಟು ತಿಂದು ಮಾಡದ್ದನ್ನೆಲ್ಲ ಒಪ್ಪಿಕೊಂಡುಬಿಡುತ್ತಾನೆ. ಅವಳು ದಡದಡನೆ ಒಳಗೆ ನಡೆದಳು.

ಕೆಲಸದ ಹುಡುಗರು ಮೆಷಿನ್ ಒರೆಸಲು ಬಟ್ಟೆ ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ, ಮೂಲೆಯ ಲೇತಿನ ಹತ್ತಿರ, ಅವಳ ತಮ್ಮ ಋಷಿಕೇಶ್. ಮಾಲೀಕರಿಗೆ ದುಂಬಾಲು ಬಿದ್ದು ಅವನನ್ನು ಇಲ್ಲಿಗೆ ಸೇರಿಸಿದವಳು ಅವಳೇ.

“ಯಾರೂ ಏನೂ ಒರೆಸ್ಬೇಡಿ!” ವಾಸಂತಿ ಕೂಗಿದಳು.

ಪೂಜೆ ಮಾಡಿದ ಮೆಷಿನ್ನನ್ನು ರಜೆ ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ಎಂಥ ಅವಸರದ ಆರ್ಡರ್ ಇದ್ದರೂ ಅಷ್ಟೇ. ವಾಸಂತಿ ಒಂದೊಂದನ್ನೇ ನೋಡುತ್ತ ಹೋದಳು. ಎಲ್ಲದರ ಮೇಲೂ ಕುಂಕುಮ ಒಣಗಿ ಬಿರುಕು ಬಿಟ್ಟಿತ್ತು. ಮೂಲೆಯ ಲೇತಿಗೆ ಬಂದವಳು ನಿಂತುಬಿಟ್ಟಳು. ಅದರ ಹಿಂದಿನ ಗೋಡೆಯ ಮೇಲೆ ಆಳೆತ್ತರಕ್ಕೆ ಆಯಿಲ್ ಬೆರೆತ ಕೆಂಪು ಹನಿಗಳು ಸಿಡಿದಿದ್ದವು.

“ಸಾರ್, ಎಲ್ಲರೂ ಬನ್ನಿ ಇಲ್ಲಿ!” ಖುಷಿಗೆ ಅವಳ ದನಿ ನಡುಗುತ್ತಿತ್ತು. “ಇದು ಕುಂಕುಮ. ಮೆಷಿನ್ ತಿರುಗದೆ ಇಷ್ಟೆತ್ತರಕ್ಕೆ ಹಾರಲ್ಲ. ರಜೇಲಿ ಯಾರೋ ಇದನ್ನ ಓಡಿಸಿದ್ದಾರೆ. ನಮ್ಮ ಹಿತ್ತಾಳೆಯಲ್ಲಿ ಹೊರಗಿನೋರ ಆರ್ಡರ್ ಮಾಡಿಕೊಟ್ಟಿದ್ದಾರೆ. ಆಂಜಿನಪ್ಪಂಗೆ ಲೇತ್ ಸ್ವಿಚ್ ಎಲ್ಲಿದೆ ಅಂತಾನೂ ಗೊತ್ತಿಲ್ಲ.”

ಹುಡುಗರು ಮುಖ ಮುಖ ನೋಡಿಕೊಂಡರು. ಶ್ರೀಧರ್ ಗೋಡೆಯನ್ನು ಮುಟ್ಟಿ ಬೆರಳು ನೋಡಿಕೊಂಡರು.

“ಸರಿ, ಓಡಿಸಿದೋನು ಬೇರೆ. ಕೀ ಕೊಟ್ಟೋನು ಇವನೇ ತಾನೆ? ಯಾರಿಗೆ ಕೊಟ್ಟ ಅಂತ ಪೊಲೀಸ್ನೋರೇ ಬಾಯಿ ಬಿಡಿಸ್ತಾರೆ.”

“ಅಕ್ಕ, ಸಾಕು ಬಾ,” ಅಂದ ಋಷಿಕೇಶ್. “ಅವರು ನೋಡ್ಕೋತಾರೆ.”

“ನೀನು ಸುಮ್ನಿರೋ.”

ಅವಳಿಗೆ ಇನ್ನೊಂದು ಕಂಡಿತ್ತು. ಕುಂಕುಮ ಗೋಡೆಗೆ ಹಾರಿದ ಮೇಲೂ ಲೇತಿನಲ್ಲಿ ಸರಳನ್ನು ಹಿಡಿದು ತಿರುಗುವ ಚಕ್ಕಿನ ಮೇಲೆ ದುಂಡನೆಯ ಬೊಟ್ಟು ಇತ್ತು, ಹಸಿಹಸಿಯಾಗಿ. ಕಳ್ಳತನ ಮುಗಿಸಿದವನಿಗೆ ಮೆಷಿನ್ನನ್ನು ಬೋಳು ಹಣೆಯಲ್ಲಿ ಬಿಟ್ಟುಹೋಗಲು ಮನಸ್ಸಾಗಿಲ್ಲ, ಮತ್ತೆ ಇಟ್ಟಿದ್ದಾನೆ. ಭಲೇ ಭಕ್ತ ಅಂದುಕೊಳ್ಳುತ್ತ ಅವಳು ಇನ್ನಷ್ಟು ಬಗ್ಗಿದಳು. ಆಯಿಲ್ ವಾಸನೆಯ ನಡುವೆ ಗಂಧದ ವಾಸನೆ ಮೂಗಿಗೆ ಬಡಿಯಿತು.

ಈ ಶೆಡ್ಡಿನಲ್ಲಿ ಕುಂಕುಮ ಕಲಸುವುದು ಬರೀ ನೀರಿನಲ್ಲಿ. ಗಂಧ ಹಚ್ಚಿ ಅದರ ಮೇಲೆ ಕುಂಕುಮ ಇಡುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ: ಸರ್ಕಾರಿ ಕಾರ್ಖಾನೆಯ ಲೇತಿನ ಮುಂದೆ ಆಯಸ್ಸು ಸವೆಸಿದ ಅವಳ ಅಪ್ಪ ಪಟ್ಟಾಭಿರಾಮ. “ಕಬ್ಬಿಣಕ್ಕೆ ಬರೀ ಕುಂಕುಮ ನಿಲ್ಲಲ್ಲ ಕಣ್ರೋ, ಮೊದ್ಲು ಗಂಧ,” ಎಂದು ಅಕ್ಕತಮ್ಮ ಇಬ್ಬರ ಕೈಯಲ್ಲೂ ಹಚ್ಚಿಸುತ್ತಿದ್ದರು. ಈ ಹಬ್ಬಕ್ಕೂ ಬೈಕ್ ಪೂಜೆಗೆಂದು ಋಷಿಗೆ ಗಂಧದ ಡಬ್ಬಿ ಕೊಟ್ಟಿದ್ದರು.

ಶೆಡ್ಡಿಗೆ ಇನ್ನೊಂದು ಕೀ ಇತ್ತು, ಅವಳ ಬ್ಯಾಗಿನಲ್ಲಿ. ಅದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ, ಶ್ರೀಧರ್ ಕೂಡ. ಹಬ್ಬವಿಡೀ ಆ ಬ್ಯಾಗು ಅಕ್ಕತಮ್ಮ ಇಬ್ಬರೂ ಇರುವ ಮನೆಯಲ್ಲಿ ಬಾಗಿಲ ಹಿಂದೆ ನೇತಾಡುತ್ತಿತ್ತು.

ಹೊರಗೆ ಜೀಪು ನಿಂತ ಸದ್ದಾಯಿತು. ವಾಸಂತಿ ನಿಧಾನವಾಗಿ ನೆಟ್ಟಗಾದಳು. ಹುಡುಗರ ಹಿಂದೆ ಸರಿದು ನಿಂತಿದ್ದ ಋಷಿ ಬೇಡ ಎಂಬಂತೆ ತಲೆಯಾಡಿಸಿದ. ಸುಮ್ಮನಿದ್ದರೆ ಸಾಕಿತ್ತು. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಈ ಹಾಳು ಚಟ ನನಗೆ ಯಾಕಾದರೂ ಬಂತೋ ಎಂದು ಅವಳಿಗೆ ಅಳು ಉಕ್ಕಿ ಬಂತು.

ಆಂಜಿನಪ್ಪ ಬಾಗಿಲ ತನಕ ಬಂದು ಇಣುಕಿದ. ಅವನ ಹಿಂದೆಯೇ ಕಾನ್‌ಸ್ಟೇಬಲ್ ಇದ್ದ. “ಏನಾದ್ರೂ ಸಿಕ್ತೇನವ್ವಾ?”

“ಸಿಕ್ತು ಆಂಜಿನಪ್ಪ.” ಅವಳು ಕಣ್ಣೊರೆಸಿಕೊಂಡಳು. “ಸಾರ್, ಅವನನ್ನ ಬಿಡಿ. ಕೀ ಹೋಗಿರೋದು ನನ್ನ ಬ್ಯಾಗಿಂದ.”

ಆಮೇಲೆ ತಮ್ಮನ ಕಡೆ ತಿರುಗಿದಳು.

“ಋಷಿ, ನೀನೇ ಹೇಳ್ತೀಯಾ, ನಾನು ಹೇಳ್ಲಾ?”