ಹಾಗಲಕಾಯಿ ಹಾಗಲ್ಲ

"ಸಾಹಿತ್ಯ ಇನ್ನೂ ಬಂದಿಲ್ಲ ಅಮ್ಮ," ಅಂದ ನಿರ್ದೇಶಕ ರೇವಂತ್, ಮೊಬೈಲನ್ನು ಜೇಬಿಗೆ ತುರುಕುತ್ತ. "ಟ್ಯೂನ್ ಇದೆ, ಪದ ಇಲ್ಲ. ನೀವು ಸುಮ್ನೆ ಬಾಯಿಗೆ ಬಂದಿದ್ದು ಹೇಳ್ಕೊಂಡು ಹೋಗಿ. ತುಟಿ ಆಡಿದ್ರೆ ಸಾಕು. ಆಮೇಲೆ ಶ್ವೇತ ಹಾಡ್ತಾರೆ."

ಚೂಡಾಮಣಿ ಒಲೆಯ ಮುಂದೆ ಕೂತಿದ್ದರು. ತಲಘಟ್ಟಪುರದ ಹಳೆಯ ಮನೆಯೊಂದರ ಅಡುಗೆಮನೆ ಅದು. ಒಲೆಯಲ್ಲಿ ಬೆಂಕಿಯ ಬದಲು ಕೆಂಪು ಬಲ್ಬು ಉರಿಯುತ್ತಿತ್ತು. ಅವರ ಕೂದಲು ಬೆಳ್ಳಗಾಗಿ ವರ್ಷಗಳೇ ಆಗಿದ್ದವು, ಆದರೂ ಟೀವಿಗೆ ಅಷ್ಟು ಬಿಳುಪು ಸಾಲದೆಂದು ಮೇಲೊಂದು ವಿಗ್ಗು ಕೂರಿಸಿದ್ದರು. ಪಕ್ಕದಲ್ಲಿ ದೊಡ್ಡ ಮಣ್ಣಿನ ಗುಡಾಣ. 'ಗುಡಾಣದಜ್ಜಿ' ಎಂಬ ಮಕ್ಕಳ ಧಾರಾವಾಹಿಯ ಅಜ್ಜಿ ಅವರು. ಪ್ರತಿ ವಾರ ಮೊಮ್ಮಗಳು ಗುಡಾಣದೊಳಗೆ ಕೈ ಹಾಕಿ ಏನಾದರೊಂದು ತೆಗೆಯುತ್ತಾಳೆ, ಅಜ್ಜಿ ಅದರ ಕತೆ ಹೇಳುತ್ತಾಳೆ. ಈ ವಾರ ಮಾತ್ರ ಕತೆಯ ಬದಲು ಹಾಡು. ಮೊಮ್ಮಗಳು ತರಕಾರಿ ತಿನ್ನುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ಅಜ್ಜಿ ಹಾಡಿ ಅವಳನ್ನು ಒಲಿಸಬೇಕು.

ಚೂಡಾಮಣಿಗೆ 'ಆಮೇಲೆ' ಅನ್ನುವ ಮಾತು ಹೊಸದೇನಲ್ಲ. ಅವರ ಅರ್ಧ ಆಯುಸ್ಸು ಆ ಒಂದು ಮಾತಿನಲ್ಲೇ ಕಳೆದಿತ್ತು.

ವಯಸ್ಸಿದ್ದ ಕಾಲದಲ್ಲಿ ಅವರು ಸಿನಿಮಾಗಳಿಗೆ ಟ್ರ್ಯಾಕ್ ಹಾಡುತ್ತಿದ್ದರು. ಟ್ಯೂನು ಸಿದ್ಧವಾಗಿರುತ್ತಿತ್ತು, ದೊಡ್ಡ ಗಾಯಕಿ ಮದ್ರಾಸಿನಿಂದ ಬರುವುದು ತಡವಾಗುತ್ತಿತ್ತು. ಅಲ್ಲಿಯತನಕ ಹಾಡು ಕಿವಿಗೆ ಹೇಗೆ ಬೀಳುತ್ತದೆಂದು ನೋಡಲು ಚೂಡಾಮಣಿಯನ್ನು ಕರೆಸಿ ಹಾಡಿಸುವರು. "ಆಮೇಲೆ ಅವರು ಹಾಡ್ತಾರೆ." ಆ ಗಾಯಕಿ ಬಂದು, ಚೂಡಾಮಣಿ ಹಾಡಿದ್ದನ್ನು ಕೇಳಿ, ಕಲಿತು, ಹಾಡಿದ ಮೇಲೆ ಚೂಡಾಮಣಿಯ ದನಿಯನ್ನು ಅಳಿಸಿಬಿಡುವರು. ಎಷ್ಟೋ ಸಲ ಸಾಹಿತ್ಯ ಕೂಡ ಬಂದಿರುತ್ತಿರಲಿಲ್ಲ. ಜಯನಗರದ ಕಾಂಪ್ಲೆಕ್ಸಿನಲ್ಲಿ ತರಕಾರಿ ಕೊಂಡು ನೇರ ಸ್ಟುಡಿಯೋಗೆ ಹೋಗುವ ಅಭ್ಯಾಸವಿದ್ದ ಚೂಡಾಮಣಿಗೆ ಆಗ ಚೀಲದಲ್ಲಿದ್ದದ್ದೇ ಬಾಯಿಗೆ ಬರುತ್ತಿತ್ತು. ಜನ ಕಣ್ಣು ಒರೆಸಿಕೊಂಡು ಕೇಳಿದ ಒಂದು ವಿರಹದ ಹಾಡನ್ನು ಅವರು ಮೊದಲು ಹಾಡಿದ್ದು ನುಗ್ಗೇಕಾಯಿ, ನವಿಲುಕೋಸಿನ ಮೇಲೆ!

ಹಾಡಿ ಮುಗಿದ ಮೇಲೆ ಅವರದೊಂದು ಶಿಸ್ತು. ಹೆಡ್‌ಫೋನನ್ನು ಸೆರಗಿನಲ್ಲಿ ಒರೆಸಿ ಸ್ಟ್ಯಾಂಡಿಗೆ ನೇತುಹಾಕುವುದು, ಮೈಕನ್ನು ಒಂದು ಗೇಣು ಮೇಲಕ್ಕೆ ಏರಿಸುವುದು. ಚೂಡಾಮಣಿ ಕುಳ್ಳು. ಹಿಂದಿನಿಂದ ಬರುವ ಗಾಯಕಿ ಪಾಪ ಬಗ್ಗಿ ಹಾಡುವಂತಾಗಬಾರದು. ಚೀಲ ಎತ್ತಿಕೊಂಡು ಹೊರಗೆ ಬಂದರೆ ಎದುರಿನ ಟೀ ಅಂಗಡಿಯ ಹತ್ತಿರ ಗಂಡ ಗುಂಡಣ್ಣ ಸ್ಕೂಟರಿಗೆ ಒರಗಿ ನಿಂತಿರುತ್ತಿದ್ದರು. ಕರೆಂಟ್ ಆಫೀಸಿನ ಗುಮಾಸ್ತ, ಸಂಗೀತದ ಗಂಧಗಾಳಿ ಇಲ್ಲ. ಆದರೆ ನೆಂಟರ ಮನೆಯ ರೇಡಿಯೋದಲ್ಲಿ ಅಂಥ ಹಾಡೊಂದು ಬಂದರೆ ಸಾಕು, "ಇದರ ಕೆಳಗೆ ನಮ್ಮ ಚೂಡಾ ಇದ್ದಾಳೆ," ಎಂದು ಎದೆಯುಬ್ಬಿಸಿ ಹೇಳುವರು. ನೆಂಟರು ರೇಡಿಯೋದ ಕೆಳಗೆ ನೋಡುವರು. ಚೂಡಾಮಣಿಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು.

ಹಾಡುವ ಕರೆಗಳು ನಿಂತು ಬಹಳ ಕಾಲದ ಮೇಲೆ, ಯಡಿಯೂರು ಕೆರೆಯ ಪಾರ್ಕಿನಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಕತೆ ಹೇಳುತ್ತ ಕೂತಿದ್ದವರನ್ನು ನೋಡಿ ರೇವಂತ್ ಧಾರಾವಾಹಿಗೆ ಕರೆದ. ಅರವತ್ತು ದಾಟಿದ ಮೇಲೆ ಚೂಡಾಮಣಿಗೆ ಮುಖ ಬಂತು. ಈಗ ಬೀದಿಯಲ್ಲಿ ಮಕ್ಕಳು ಅಡ್ಡ ಹಾಕುತ್ತಾರೆ. ತರಕಾರಿಯವನು ಕೊತ್ತಂಬರಿ ಕಟ್ಟನ್ನು ಸುಮ್ಮನೆ ಚೀಲಕ್ಕೆ ಹಾಕುತ್ತಾನೆ. ಸಂತೋಷವಾಗದೆ ಇರುತ್ತದೆಯೇ? ಆದರೆ ಒಳಗೊಂದು ಆಸೆ ಹಾಗೇ ಉಳಿದಿತ್ತು. ಒಪ್ಪಿಕೊಳ್ಳುವಾಗಲೇ ರೇವಂತನಿಗೆ ಹೇಳಿದ್ದರು: "ಹಾಡೇನಾದ್ರೂ ಇದ್ರೆ ನಾನೇ ಹಾಡ್ತೀನಿ ಕಣಪ್ಪ." ಅವನು ತಲೆ ಕೆರೆದುಕೊಂಡು, ಚಾನೆಲ್‌ನವರಿಗೆ ಎಳೆಯ ದನಿಯೇ ಬೇಕಂತೆ ಎಂದಿದ್ದ. ಸುಳ್ಳಲ್ಲ. ಮೇಲಿನ ಸ್ವರಕ್ಕೆ ಹೋದರೆ ಈಗ ಅವರ ಗಂಟಲು ಸ್ವಲ್ಪ ಜಾರುತ್ತದೆ. ಆದರೂ ಒಂದೇ ಒಂದು ಹಾಡು ತನ್ನ ದನಿಯಲ್ಲಿ, ತನ್ನ ಹೆಸರಿನಲ್ಲಿ ಹೊರಗೆ ಬರಬೇಕು ಅನ್ನುವ ಆಸೆಗೆ ಗಂಟಲಿನ ಲೆಕ್ಕ ಗೊತ್ತಾಗುವುದಿಲ್ಲವಲ್ಲ.

"ರೆಡಿನಾ ಅಮ್ಮ?"

ಹೊರಗೆ ಜನರೇಟರ್ ಗುಡುಗುಟ್ಟುತ್ತಿತ್ತು. ಸ್ಪೀಕರಿನಲ್ಲಿ ಟ್ಯೂನು ಶುರುವಾಯಿತು. ಮೊಮ್ಮಗಳ ಪಾತ್ರದ ಪ್ರಕೃತಿ, ಆರೇಳು ವರ್ಷದ ತರಲೆ, ಮುಖ ಊದಿಸಿ ಕೂತಳು. ಚೂಡಾಮಣಿ ಎದುರಿಗಿದ್ದ ತರಕಾರಿ ಮೊರದ ಮೇಲೆ ಕಣ್ಣಾಡಿಸಿದರು. ತುಟಿ ಮಾತ್ರ ಆಡಿಸುವುದು ಅವರಿಂದ ಆಗದ ಕೆಲಸ, ದನಿ ತಾನಾಗಿ ಎದ್ದಿತು.

"ಹಾಗಲಕಾಯಿ ಹಾಗಲ್ಲ,
ಹೀರೇಕಾಯಿ ಹೀಗಲ್ಲ,
ಹಾಗೂ ಅಲ್ಲ, ಹೀಗೂ ಅಲ್ಲ,
ಹೂಂ ಅನ್ನೇ ಹೂಕೋಸೇ!"

ಹೂಕೋಸನ್ನು ಎತ್ತಿ ಪ್ರಕೃತಿಯ ಮೂಗಿಗೆ ಹಿಡಿದರು. ಆ ಹುಡುಗಿಗೆ ಹಟ ಮರೆತೇ ಹೋಯಿತು. "ಹೂಂ!" ಎಂದು ಕಿರುಚಿ ಬಿದ್ದು ಬಿದ್ದು ನಕ್ಕಳು. ಲೈಟಿನವರು ನಕ್ಕರು, ಕ್ಯಾಮೆರಾದವನು ನಗು ತಡೆಯಲಾರದೆ ಕೆಳತುಟಿ ಕಚ್ಚಿಕೊಂಡ. ಅದೇ ಹುರುಪಿನಲ್ಲಿ ಚೂಡಾಮಣಿ ಎರಡನೇ ಚರಣವನ್ನೂ ಕಟ್ಟಿ ಹಾಡಿದರು, ಒಂದೇ ಟೇಕಿನಲ್ಲಿ ಮುಗಿಯಿತು.

"ಸಖತ್ ಅಮ್ಮ," ಅಂದ ರೇವಂತ್. "ಈ ಎಕ್ಸ್‌ಪ್ರೆಶನ್ ಸಾಕು. ಆಮೇಲೆ ವಾಯ್ಸ್ ನೋಡ್ಕೋತೀವಿ."

ಎಡವಟ್ಟು ಗೊತ್ತಾದದ್ದು ಜೆ.ಪಿ. ನಗರದ ಸ್ಟುಡಿಯೋದಲ್ಲಿ. ಕವಿಗಳು ಕೊನೆಗೂ ಹಾಡು ಕಳಿಸಿದ್ದರು. ಚೆನ್ನಾಗಿಯೇ ಇತ್ತು. "ಅಮ್ಮಮ್ಮ ಮುತ್ತಮ್ಮ, ಬಾಮ್ಮ ಬಾಮ್ಮ ಮಮ್ಮು" ಎಂದು ಶುರು. ಶ್ವೇತ ಜೇನಿನಂಥ ದನಿಯಲ್ಲಿ ಹಾಡಿಯೂ ಆಗಿತ್ತು. ಸೌಂಡ್ ನೋಡಿಕೊಳ್ಳುವ ಶ್ರೀಕರ್ ಹಾಡನ್ನು ಚಿತ್ರದ ಮೇಲೆ ಕೂರಿಸಿ ಓಡಿಸಿದವನು ತಟ್ಟನೆ ನಿಲ್ಲಿಸಿದ.

"ಸರ್, ಏನೋ ಸರಿಯಿಲ್ಲ. ಇಲ್ಲಿ 'ಅಮ್ಮಮ್ಮ' ಅಂತಿದೆ. ಅಜ್ಜಿ ಬಾಯಿ ಮುಚ್ಚೋದೇ ಇಲ್ಲ."

ರೇವಂತ್ ಬಗ್ಗಿ ನೋಡಿದ. ಪರದೆಯ ತುಂಬ ಚೂಡಾಮಣಿಯ ಮುಖ. 'ಮ' ಅನ್ನಬೇಕಾದರೆ ತುಟಿ ಕೂಡಬೇಕು. ಹಾಗಲ, ಹೀರೆ, ಹಾಗೂ, ಹೀಗೂ ಅನ್ನುತ್ತ ಹೋದ ಆ ಬಾಯಿಗೆ ಒಂದು 'ಹೂಂ' ಬಿಟ್ಟರೆ ತುಟಿ ಕೂಡಿಸುವ ಪ್ರಸಂಗವೇ ಬಂದಿರಲಿಲ್ಲ. ಹಾಡಿನಲ್ಲಿ ಮುತ್ತಮ್ಮ, ಚಿತ್ರದಲ್ಲಿ ಆಕಳಿಕೆ. ಪುಣ್ಯಾತ್ಮ ಕ್ಯಾಮೆರಾದವನು ಪೂರ್ತಿ ಹಾಡನ್ನು ಮುಖದ ಹತ್ತಿರವೇ ಹಿಡಿದಿದ್ದ.

ಮತ್ತೆ ಶೂಟ್ ಮಾಡೋಣವೆಂದು ತಲಘಟ್ಟಪುರದ ಮನೆಯ ಯಜಮಾನ ಗಂಗಾಧರಯ್ಯನವರಿಗೆ ಫೋನ್ ಹಚ್ಚಿದರೆ, "ಅಯ್ಯೋ, ನಿನ್ನೆನೇ ಜೆಸಿಬಿ ಬಂತಲ್ಲ ಸಾರ್," ಅಂದರು ಅವರು. "ಅಡುಗೆಮನೆ ಹೊಡ್ದಾಯ್ತು. ಪಿಜಿ ಕಟ್ಟುಸ್ತಾ ಇವ್ನಿ. ಹಾಲ್ ಐತೆ, ಬೇಕಾದ್ರೆ ಬನ್ನಿ."

ಸೆಟ್ಟಿನಲ್ಲಿ ಹಾಡಿದ್ದನ್ನೇ ಬಳಸೋಣವೆಂದರೆ ಅದರ ತುಂಬ ಜನರೇಟರಿನ ಗುಡುಗು. ಸರಿ, ಹಾಗಲಕಾಯಿಯನ್ನೇ ಹಾಡಿಸಿಬಿಡೋಣ ಎಂದು ಶ್ವೇತಳನ್ನು ಮತ್ತೆ ಮೈಕಿನ ಮುಂದೆ ನಿಲ್ಲಿಸಿದರು. ಅವಳು ಹಾಡಿದಳು, ಮತ್ತೆ ಹಾಡಿದಳು. ಪದ ಕೂತಿತು, ಉಸಿರು ಕೂರಲಿಲ್ಲ. ವಯಸ್ಸಾದ ಚೂಡಾಮಣಿ 'ಹೀರೇ' ಎಂದು ಒಂದು ಗುಕ್ಕು ಉಸಿರೆಳೆದುಕೊಂಡು, ಹುಬ್ಬು ಹಾರಿಸಿ, 'ಕಾಯಿ' ಅನ್ನುತ್ತಿದ್ದರು. ಶ್ವೇತಳ ಉಸಿರು ಅಲ್ಲಿ ನಿಲ್ಲಲು ಒಪ್ಪಲೇ ಇಲ್ಲ.

ಚೂಡಾಮಣಿಯ ಮನೆಯಲ್ಲಿ ಆಗ ಗಂಡ ಹೆಂಡತಿ ಇಬ್ಬರೂ ಅವರೆಕಾಳು ಹಿಸುಕುತ್ತ ಕೂತಿದ್ದರು. ಫೋನ್ ಬಂದಾಗ ಅಂಟು ಕೈ ತಾಗದಂತೆ ಗುಂಡಣ್ಣ ಕಿರುಬೆರಳಿನಿಂದ ಸ್ಪೀಕರ್ ಒತ್ತಿದರು. ರೇವಂತ್ ನಡೆದದ್ದನ್ನೆಲ್ಲ ಹೇಳಿದ.

"ನಾಳೆ ಸ್ವಲ್ಪ ಬಂದು ಒಂದು ಟ್ರ್ಯಾಕ್ ಕೊಟ್ಬಿಡಿ ಅಮ್ಮ. ಶ್ವೇತ ಅದನ್ನ ಕೇಳ್ಕೊಂಡು ನಿಮ್ಮ ಉಸಿರು ಹಿಡ್ಕೋತಾರೆ."

ಚೂಡಾಮಣಿಯ ಬೆರಳ ನಡುವಿನ ಕಾಳು ಚಿಮ್ಮಿ ಎಲ್ಲೋ ಹೋಯಿತು. "ಏನಂದೆ? ಟ್ರ್ಯಾಕಾ?"

"ಹೂಂ ಅಮ್ಮ. ಆಮೇಲೆ ಅವ್ರು..."

"ಟ್ರ್ಯಾಕ್ ಹಾಡಲ್ಲ ರೇವಂತ್."

"ಯಾಕಮ್ಮ, ಗಂಟ್ಲು ಸರಿಯಿಲ್ವಾ?"

"ಗಂಟ್ಲು ಎಷ್ಟ್ ಸರಿ ಇರ್ಬೇಕೋ ಅಷ್ಟಿದೆ. ಹಾಡೋದಾದ್ರೆ ಬರ್ತೀನಿ. ನಾನ್ ಹಾಡಿದ್ದೇ ಟೀವಿಲಿ ಬರ್ಬೇಕು, ನನ್ನ ಹೆಸರು ಹಾಕ್ಬೇಕು. ಆಮೇಲೆ ಇನ್ಯಾರೋ ಹಾಡ್ತಾರೆ ಅನ್ನೋದಾದ್ರೆ ನನ್ನನ್ನ ಕರೀಬೇಡ ಕಣಪ್ಪ."

"ಚಾನೆಲ್‌ನೋರು ಕೋಪ ಮಾಡ್ಕೊಂಡು ಅಜ್ಜೀನೇ ಚೇಂಜ್ ಮಾಡು ಅಂದ್ರೆ ಏನ್ ಮಾಡ್ಲಿ ಅಮ್ಮ?"

"ಮಾಡು."

ಫೋನ್ ಇಟ್ಟ ಮೇಲೆ ಚೂಡಾಮಣಿಗೆ ಎಂಥ ಮಾತಾಡಿಬಿಟ್ಟೆ ಎಂದು ಭಯವಾಯಿತು. ಗುಡಾಣ, ವಿಗ್ಗು, ಬೀದಿಯ ಮಕ್ಕಳು, ಎಲ್ಲವನ್ನೂ ಒಂದು ಮಾತಿನಲ್ಲಿ ಪಣಕ್ಕಿಟ್ಟಾಗಿತ್ತು. ಅದರ ಜೊತೆಗೇ, ಹೇಳಿದರೆ ನಗಬೇಕು, ಎದ್ದು ಕುಣಿಯುವಷ್ಟು ಖುಷಿಯೂ ಆಗುತ್ತಿತ್ತು. ಇದನ್ನು ಮೂವತ್ತು ವರ್ಷದ ಹಿಂದೆಯೇ ಯಾರಿಗಾದರೂ ಹೇಳಬಹುದಿತ್ತಲ್ಲ ಅನ್ನಿಸಿತು.

ಗುಂಡಣ್ಣ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. "ಚೂಡಾ, ನಿಜ ಹೇಳು. ತುಟಿ ಕೂಡದೆ ಇರೋ ಹಾಗೆ ಬೇಕಂತ್ಲೇ ಹಾಡಿದ್ಯಾ? ಇಲ್ಲ ಬಾಯಿ ತಪ್ಪಿ ಬಂತಾ?"

ಚೂಡಾಮಣಿ ಇನ್ನೊಂದು ಕಾಳು ಹಿಸುಕಿದರು. "ಹಾಗೂ ಅಲ್ಲ," ಅಂದರು. "ಹೀಗೂ ಅಲ್ಲ."

ಸ್ಟುಡಿಯೋದಲ್ಲಿ ರೇವಂತ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಶ್ವೇತ ಮೈಕು ಬಿಟ್ಟು ಹೊರಗೆ ಬಂದಳು. "ಸರ್, ಅವರ ಹಾಡನ್ನ ಅವರೇ ಹಾಡ್ಲಿ ಬಿಡಿ," ಅಂದಳು. "ನಾನ್ ಹಾಡಿದ್ರೆ ಅಜ್ಜಿ ಮುಖಕ್ಕೆ ಬೇರೆ ಯಾರ್ದೋ ಬಾಯಿ ಅಂಟಿಸಿದ ಹಾಗಿದೆ. ಚಾನೆಲ್‌ನೋರ ಹತ್ರ ಬೇಕಾದ್ರೆ ನಾನೇ ಮಾತಾಡ್ತೀನಿ." ಮಾತಾಡಿದಳು ಕೂಡ. ಪ್ರಸಾರಕ್ಕೆ ದಿನ ಹತ್ತಿರವಿತ್ತು, ಚಾನೆಲ್‌ನವರಿಗೂ ಬೇರೆ ದಾರಿ ಇರಲಿಲ್ಲ.

ಸಂಜೆ ಚೂಡಾಮಣಿಯ ಮನೆಯಲ್ಲಿ ಮತ್ತೆ ಫೋನ್ ಬಂತು. "ಬನ್ನಿ ಅಮ್ಮ," ಅಂದ ರೇವಂತ್. ಸ್ವಲ್ಪ ತಡೆದು, "ಹಾಡಕ್ಕೆ," ಎಂದು ಸೇರಿಸಿದ.

ಮರುದಿನ ಬೆಳಿಗ್ಗೆ ಸ್ಟುಡಿಯೋದ ಮುಂದೆ ಸ್ಕೂಟರ್ ನಿಲ್ಲಿಸಿದ ಗುಂಡಣ್ಣ ಹಳೆಯ ಅಭ್ಯಾಸದಂತೆ ಟೀ ಅಂಗಡಿಯ ಕಡೆ ಹೊರಟರು. ಬಾಗಿಲಲ್ಲಿ ನಿಂತಿದ್ದ ಶ್ರೀಕರ್ ಕೂಗಿದ: "ಅಂಕಲ್, ಎಲ್ಲಿಗ್ ಹೋಗ್ತೀರಾ? ಒಳಗ್ ಬನ್ನಿ."

"ನಾನಾ?" ಅಂದರು ಗುಂಡಣ್ಣ.

ಹೆಂಡತಿ ಹಾಡುವುದನ್ನು ಗಾಜಿನ ಈಚೆಯಿಂದ ನೋಡುವುದು ಅವರಿಗೆ ಇದೇ ಮೊದಲು. ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆಗೆ ಕೂತವರಂತೆ ಕೂತರು. ಪಕ್ಕದಲ್ಲಿ 'ಹೂಂ' ಅನ್ನಲು ಬಂದಿದ್ದ ಪ್ರಕೃತಿ ಕಾಲು ಅಲ್ಲಾಡಿಸುತ್ತಿದ್ದಳು. ಎದುರಿನ ಪರದೆಯಲ್ಲಿ ಒಲೆ, ಗುಡಾಣ, ಅಜ್ಜಿಯ ಮುಖ.

ಒಳಗೆ ಚೂಡಾಮಣಿ ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿ ಹಾಡಿದರು. ಪರದೆಯ ಬಾಯಿಯೂ ಕಿವಿಗೆ ಬಿದ್ದ ದನಿಯೂ ಒಂದಾದವು. 'ಹೀರೇ' ಎಂದಾಗ ಅಲ್ಲೂ ಉಸಿರು, ಇಲ್ಲೂ ಉಸಿರು. 'ಹೂಕೋಸೇ' ಎಂದು ಮೇಲಕ್ಕೆ ಹೋದಾಗ ಗಂಟಲು ಜಾರಿಯೇ ಜಾರಿತು, ಜಾರಿದ್ದಕ್ಕೆ ಚೂಡಾಮಣಿಗೆ ನಗು ಬಂತು, ಆ ನಗುವೂ ಹಾಡಿನೊಳಗೆ ಸೇರಿಕೊಂಡಿತು. "ಹೂಂ!" ಎಂದು ಗಾಜಿನ ಈಚೆಯಿಂದಲೇ ಪ್ರಕೃತಿ ಕಿರುಚಿದಳು. ರೇವಂತ್ ಇನ್ನೊಂದು ಟೇಕ್ ಎಂದು ಬಾಯಿ ತೆರೆದ, ಶ್ರೀಕರ್ ಬೇಡವೆಂದು ತಲೆಯಾಡಿಸಿದ. ಶ್ವೇತ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಆಗ ಪರದೆಯ ಮೇಲೆ, ಅಜ್ಜಿಯ ಮುಖದ ಹತ್ತಿರ, ಅಕ್ಷರ ಮೂಡಿದವು. ಗುಂಡಣ್ಣ ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದರು: "ಹಾಡಿದವರು, ಚೂಡಾಮಣಿ." ಅವರ ಕಣ್ಣು ತುಂಬಿತು. ಪಕ್ಕದ ಹುಡುಗಿಯ ಕಡೆ ತಿರುಗಿ, "ನೋಡಮ್ಮ, ನಮ್ಮ ಚೂಡಾ," ಅಂದರು. "ಈಗ ಮೇಲೇ ಇದ್ದಾಳೆ."

"ಎಲ್ಲಿ?" ಎಂದು ಪ್ರಕೃತಿ ಸೂರು ನೋಡಿದಳು.

ಒಳಗೆ ಚೂಡಾಮಣಿಗೆ ಇದು ಯಾವುದೂ ಕೇಳಿಸಿರಲಿಲ್ಲ. ಅವರು ಹೆಡ್‌ಫೋನ್ ತೆಗೆದು, ಸೆರಗಿನಲ್ಲಿ ಒರೆಸಿ, ಸ್ಟ್ಯಾಂಡಿಗೆ ನೇತುಹಾಕಿದರು. ತಿರುಪು ಸಡಿಲಿಸಿ ಮೈಕನ್ನು ಒಂದು ಗೇಣು ಮೇಲಕ್ಕೆ ಏರಿಸಿದರು. ಚೀಲ ಎತ್ತಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದರು, ಶ್ರೀಕರ್ ಈ ಕಡೆಯಿಂದ ಗುಂಡಿ ಒತ್ತಿದ. ಅವನ ದನಿ ಒಳಗಿನ ಸ್ಪೀಕರಿನಲ್ಲಿ ಕೇಳಿಸಿತು.

"ಎಲ್ಲಿಗಮ್ಮ?"

"ಮುಗೀತಲ್ಲಪ್ಪ. ಆಮೇಲೆ ಯಾರು ಬರ್ತಾರೆ?"

"ಇನ್ಯಾರೂ ಬರಲ್ಲ ಅಮ್ಮ. ಎರಡನೇ ಚರಣ ಇದೆ, ನೀವೇ ಹಾಡ್ಬೇಕು."

ಚೂಡಾಮಣಿ ನಿಂತಲ್ಲೇ ನಿಂತರು. ಗಾಜಿನ ಆಚೆ ಗುಂಡಣ್ಣ ಹೆಲ್ಮೆಟ್ ಹಿಡಿದುಕೊಂಡೇ ಕೈ ಬೀಸುತ್ತಿದ್ದರು. ಚೂಡಾಮಣಿ ಚೀಲವನ್ನು ಗೋಡೆಗೆ ಒರಗಿಸಿ ಇಟ್ಟರು, ಸೆರಗು ಸಿಕ್ಕಿಸಿಕೊಂಡರು, ವಾಪಸು ಬಂದು ಮೈಕಿನ ತಿರುಪು ಸಡಿಲಿಸಿ ಅದನ್ನು ಮತ್ತೆ ತಮ್ಮ ಬಾಯಿಯ ಮಟ್ಟಕ್ಕೆ ಇಳಿಸಿದರು. ಆಮೇಲೆ ತಿರುಪನ್ನು ಬಿಗಿಯಾಗಿ ತಿರುಗಿಸಿದರು.