ಕತ್ತಿನ ಕಪ್ಪು

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನೂರುನ್ನೀಸಾಗೂ ಹನ್ನೊಂದು ವರ್ಷದ ಮಗಳು ಷಮೀಮ್ ಮುದ್ದೇ, ಅವಳ ಕಪ್ಪು ಕತ್ತೊಂದನ್ನು ಬಿಟ್ಟು. ಶಿಡ್ಲಘಟ್ಟದ ಅವರ ಮನೆಯ ಹಿಂದೆಯೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಲೆಗಳಿದ್ದವು. ಬೆಂದ ಹುಳುವಿನ ವಾಸನೆ ಉಟ್ಟ ಬಟ್ಟೆಗೂ ಹತ್ತುತ್ತದೆ, ಬಂದ ನೆಂಟರು ಮೂಗು ಮುಚ್ಚುತ್ತಾರೆ. ಆ ಅವಮಾನ ನುಂಗಿ ನುಂಗಿ ನೂರುನ್ನೀಸಾ ಶುಚಿಯ ಹುಚ್ಚು ಹಿಡಿಸಿಕೊಂಡಿದ್ದಳು.

ಮಗಳ ಕತ್ತಿನದು ಒಲೆಯ ಮಸಿಯೆಂದೇ ಅವಳ ತೀರ್ಮಾನ. ಶುಕ್ರವಾರ ಬಂತೆಂದರೆ ಬಚ್ಚಲಲ್ಲಿ ಕೂರಿಸಿ, ಕಡಲೆಹಿಟ್ಟು ಹಚ್ಚಿ, ಒಣಗಿದ ಹೀರೆಕಾಯಿ ನಾರಿನಿಂದ ತಿಕ್ಕುತ್ತಿದ್ದಳು.

"ನಾನು ದಿನಾ ತೊಳ್ಕೋತೀನಿ ಅಮ್ಮಿ. ಅದು ಹೋಗಲ್ಲ."

"ಸುಳ್ಳು ಹೇಳ್ಬೇಡ ಕಣೇ, ಸೋಮಾರಿ!"

ಹುಡುಗಿ ಅಳುತ್ತಿದ್ದಳು. ಆಗ ತಾಯಿಯ ಕರುಳು ಚುರ್ ಎಂದು, ಬೇಕರಿಯಿಂದ ಸಕ್ಕರೆ-ಕೊಬ್ಬರಿ ತುಂಬಿದ ದಿಲ್‌ಪಸಂದ್ ತರಿಸಿ ಬಾಯಿಗಿಡುತ್ತಿದ್ದಳು. ಅದೆಂಥ ನ್ಯಾಯವೋ!

ಒಂದು ಸಲ ತಿಕ್ಕಿದ ಜಾಗ ಕೀವಾಯಿತು. ಚಿಕ್ಕಬಳ್ಳಾಪುರದ ಮಕ್ಕಳ ಡಾಕ್ಟರು ಶ್ಯಾಮಲಮ್ಮ ಗಾಯ ನೋಡಿದವರು ಅಷ್ಟಕ್ಕೇ ಬಿಡಲಿಲ್ಲ. ಕತ್ತು ಸವರಿದರು, ಕಂಕುಳು ನೋಡಿದರು, ತೂಕ ಹಾಕಿದರು. ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸಿದರು. ತೊಂಬತ್ತಾರನೇ ಇಸವಿ ಅದು. ಒಂದು ಪರೀಕ್ಷೆಗೆ ರಕ್ತ ಬೆಂಗಳೂರಿಗೇ ಹೋಗಬೇಕಾಯಿತು.

ವರದಿ ಬಂದ ದಿನ ಡಾಕ್ಟರು ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ಇದು ಮಸಿ ಅಲ್ಲಮ್ಮ, ಕೊಳೇನೂ ಅಲ್ಲ. ತಿಂದಿದ್ದರ ಸಕ್ಕರೆ ಮೈಗೆ ಸೇರಿಸೋಕೆ ಇನ್ಸುಲಿನ್ ಅಂತ ಒಂದು ರಸ ಇದೆ. ಮಗು ಮೈ ಅದರ ಮಾತು ಕೇಳ್ತಿಲ್ಲ. ಅದಕ್ಕೇ ಒಳಗೆ ಇನ್ನೂ ಜಾಸ್ತಿ ತಯಾರಾಗ್ತಿದೆ. ಜಾಸ್ತಿಯಾದ್ರೆ ಚರ್ಮ ಹಿಂಗೆ ಕಪ್ಪಾಗುತ್ತೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ತಡೀಬಹುದು. ಚೆನ್ನಾಗಿ ಆಟ ಆಡ್ಲಿ. ಸಿಹಿ ಏನೇನು ಕೊಡ್ತೀರ?"

ತಾಯಿಗಿಂತ ಮೊದಲು ಷಮೀಮಳೇ ಹೇಳಿದಳು.

"ತಿಕ್ಕಿದ್ಮೇಲೆ ದಿಲ್‌ಪಸಂದ್."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಯ ಮಾಡಿದವಳೂ ತಾನೇ, ರೋಗಕ್ಕೆ ಉಣಬಡಿಸಿದವಳೂ ತಾನೇ ಎಂದು ನೂರುನ್ನೀಸಾಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಮಗಳ ಕತ್ತಿನ ಗಾಯಕ್ಕೆ ಕಟ್ಟಿದ ಪಟ್ಟಿಯ ಕಡೆ ನೋಡಲೂ ಆಗಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಗಳ ಕೈ ಹಿಡಿದುಕೊಂಡಳು.

"ತಪ್ಪು ನಂದು ಕಣಮ್ಮ. ನೀನು ಗಲೀಜಲ್ಲ. ಡಾಕ್ಟರಮ್ಮನೇ ಹೇಳಿದ್ರಲ್ಲ."

ಷಮೀಮ್ ಕೈ ಬಿಡಿಸಿಕೊಳ್ಳಲಿಲ್ಲ. ಕೋಪವೂ ಇರಲಿಲ್ಲ. ನಿಜಕ್ಕೂ ಗೊತ್ತಿಲ್ಲದ್ದನ್ನು ಕೇಳುವವಳಂತೆ ತಾಯಿಯ ಮುಖ ನೋಡಿದಳು.

"ನಾನು ಹೇಳಿದಾಗ ಯಾಕೆ ನಂಬ್ಲಿಲ್ಲ ಅಮ್ಮಿ?"