ಅರಸನ ‘ನಾವು’

ಕಾವಲು ಕುದುರೆಯ ಬಿಳಿ ಕಿವಿ ಹಿಂದಕ್ಕೆ ಮಡಿಚಿಕೊಂಡಿದೆ, ಗಾಡಿಯ ಗಾಜಿನಾಚೆ ಅವನ ಮೂಗಿನ ನೇರಕ್ಕೇ ಆ ಒಂದು ಕಿವಿ, ಗಾಳಿ ಅದಕ್ಕೂ ತಿಳಿದಿರಬೇಕು, ವಾಯವ್ಯದ ಗಾಳಿ, ಸಮುದ್ರ ಇಲ್ಲಿಂದ ಎಷ್ಟು ದೂರ, ಆದರೂ ರಾಜಧಾನಿಯ ನಡುಬೀದಿಯ ಬಾವುಟಗಳನ್ನೆಲ್ಲ ಒಂದೇ ಕಡೆಗೆ ಬಾಚಿಟ್ಟಿದೆ, ಬಟ್ಟೆ ಹರಿಯುವ ಹಾಗೆ ಪಟಪಟ ಸದ್ದು — ಕೈ ಬೀಸು ಆರ್ನೌಟ್, ಕೈ ನಿಂತುಹೋಗಿದೆ, ಪಕ್ಕದಲ್ಲಿ ಒಡಿಲಿಯಾ ತುಟಿ ಅಲ್ಲಾಡಿಸದೆ ಹೇಳುತ್ತಾಳೆ, ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಕಲಿತ ಮೊದಲ ವಿದ್ಯೆ ಅದು, ನಗುತ್ತಲೇ ಗಂಡನನ್ನು ಗದರುವುದು, ಅವನು ಕೈ ಎತ್ತುತ್ತಾನೆ, ಮಣಿಕಟ್ಟು ಮಾತ್ರ ತಿರುಗಬೇಕು, ಭುಜ ಅಲ್ಲಾಡಬಾರದು, ಇಡೀ ದಿನ ಬೀಸಿದರೂ ನೋಯದ ಹಾಗೆ ಬೀಸುವುದನ್ನು ಅಜ್ಜಿ ಊಟದ ಮೇಜಿನಲ್ಲೇ ಕಲಿಸಿದ್ದಳು, ಜನ ಕೂಗುತ್ತಾರೆ, ಅರಸರಿಗೆ ಜಯವಾಗಲಿ, ಅರಸಪ್ಪಾ ಕ್ಷೌರ ಚೆನ್ನಾಗಿದೆ, ಯಾರ ಹತ್ರ ಮಾಡಿಸ್ಕೊಂಡೆ, ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಅದೇ ಸಾಲಿನ ಹಿಂದಿನಿಂದ ಇನ್ನೊಂದು ಗಂಟಲು, ಆ ಚಿನ್ನದ ಗಾಡಿ ಮಾರಿ ಲಮ್ಮೆರ್‌ಗೆ ಎತ್ರದ ಕಟ್ಟೆ ಕಟ್ಸು ಮೊದ್ಲು — ಈಗ ಯಾರೂ ನಗಲಿಲ್ಲ, ಗಾಡಿ ಮುಂದೆ ಹೋಯಿತು, ಕುದುರೆಯ ಕಿವಿ ಇನ್ನೂ ಹಾಗೇ ಇದೆ. ಲಮ್ಮೆರ್. ಬಾಯೊಳಗೆ ಆ ದ್ವೀಪದ ಹೆಸರು ಹೇಳಿಕೊಂಡರೆ ಬಟಾಣಿ ಸೂಪಿನ ರುಚಿ ಬರುತ್ತದೆ, ಹೊಗೆ ಹಿಡಿದ ಹಂದಿಮಾಂಸದ ತುಣುಕು ತೇಲುತ್ತಿದ್ದ ಹಸಿರು ಸೂಪು, ಹಿಂದಿನ ಸಲದ ಪ್ರವಾಹ ಇಳಿದ ಮರುವಾರ, ಸಮುದ್ರ ತಡೆಯುವ ಕಟ್ಟೆಯ ಮೇಲೆ ನಿಂತುಕೊಂಡೇ ಕುಡಿದಿದ್ದು, ಗೆಸೀನ ಎಂಬ ಮುದುಕಿ ತನ್ನ ಮನೆಯ ಪಾತ್ರೆಯನ್ನೇ ಹೊತ್ತು ತಂದಿದ್ದಳು, ಅವಳ ಮನೆಯ ಗೋಡೆಯಲ್ಲಿ ಕಿಟಕಿಯ ಎತ್ತರಕ್ಕೆ ನೀರಿನ ಕಂದು ಗೆರೆ, ಅರಸ್ರೇ ಬೂಟು ಕಚ್ತಿದೆಯಾ, ಹೊಸದು ಅಲ್ವಾ, ನಮ್ಮೂರಿಗೆ ಅಂತಾನೇ ಕೊಂಡ್ಕೊಂಡ್ರಾ ಪಾಪ, ಎಂದು ಎಲ್ಲರೆದುರು ಕೇಳಿದ್ದಳು, ದ್ವೀಪದ ಜನ ಹೋ ಎಂದು ನಕ್ಕಿದ್ದರು, ನಿಜಕ್ಕೂ ಬೂಟು ಕಚ್ಚುತ್ತಿತ್ತು, ಅವನು ಹೌದಮ್ಮ ಎಂದಿದ್ದ, ಆ ಹೌದಮ್ಮ ಎಂಬ ಮಾತಿನಿಂದಲೇ ಎಲ್ಲ ಸಡಿಲವಾಯಿತೇನೋ, ಒಂದು ನಿಜ ಹೇಳಿದ ಮೇಲೆ ಬಾಯಿ ಇನ್ನೊಂದಕ್ಕೆ ತೆರೆದುಕೊಂಡಿತೇನೋ, ಏಕೆಂದರೆ ಮುದುಕಿ ಆಮೇಲೆ ನಗು ನಿಲ್ಲಿಸಿ ಅವನ ಕೋಟಿನ ತೋಳು ಹಿಡಿದಳು, ರಾಜಧಾನಿಯೋರು ಕಟ್ಟೆ ಎತ್ತರ ಮಾಡೋದಿಲ್ವಂತೆ, ದುಬಾರಿಯಂತೆ, ಸಮುದ್ರಕ್ಕೇ ಬಿಟ್ಕೊಡ್ತಾರಂತೆ, ಬಿಟ್ಬಿಡ್ತೀರಾ ನಮ್ಮನ್ನ, ಮತ್ತು ಅವನು — ಎಲ್ಲ ಊರಲ್ಲೂ ಕೇಳುವ ಆ ನಿರಪಾಯದ ಪ್ರಶ್ನೆಗಳು, ದೂರದಿಂದ ಬಂದ್ರಾ, ಮಕ್ಕಳು ಎಷ್ಟು ಜನ, ಅವುಗಳಲ್ಲಿ ಒಂದನ್ನು ಕೇಳಿ ಮುಂದೆ ಹೋಗಬಹುದಿತ್ತು — ಇಲ್ಲಮ್ಮ, ನಾವು ನಿಮ್ಮನ್ನ ಬಿಡೋದಿಲ್ಲ, ಎಂದುಬಿಟ್ಟ.

ಹಿಂದೆ ನಿಂತಿದ್ದ ಡೀಡೆರಿಕ್ ಕೆಮ್ಮಿದ, ಆಪ್ತ ಕಾರ್ಯದರ್ಶಿಯ ಕೆಮ್ಮಿಗೆ ಅರಮನೆಯಲ್ಲಿ ಅರ್ಥವಿದೆ, ಕಾರಿನಲ್ಲಿ ಕೂತ ಮೇಲೆ ಅವನು ಕನ್ನಡಕ ಒರೆಸುತ್ತ, ಪ್ರಭುಗಳೇ, ನಾವು ಅಂದ್ರಿ, ಎಂದ, ಅಂದ್ನಾ, ಹೌದು ಅಂದ್ರಿ, ನಾನು ಮತ್ತು ಒಡಿಲಿಯಾ ಅನ್ನೋ ಅರ್ಥದಲ್ಲಿ ಅಂದಿದ್ದು ಕಣಯ್ಯ, ನಾವಿಬ್ರು ಅಂತ, ಮನುಷ್ಯರು ಮಾತಾಡೋ ಹಾಗೆ, ಡೀಡೆರಿಕ್ ಕನ್ನಡಕ ಹಾಕಿಕೊಂಡು ಹೊರಗೆ ನೋಡಿದ, ಅವರು ಹಾಗೆ ಕೇಳಿಸ್ಕೊಂಡಿಲ್ಲ ಪ್ರಭುಗಳೇ. ಹೇಗೆ ಕೇಳಿಸಿಕೊಳ್ಳುತ್ತಾರೆ, ಈ ನಾಡಿನ ಪ್ರತಿ ಕಾನೂನೂ ಶುರುವಾಗುವುದು ಆ ಮಾತಿನಿಂದಲೇ, ನಾವು, ಆರ್ನೌಟ್, ಈ ನಾಡಿನ ಅರಸ, ಎಲ್ಲ ಓದುಗರಿಗೂ ಕೇಳುಗರಿಗೂ ತಿಳಿಸುವುದೇನೆಂದರೆ — ಕಾಗದದ ಮೇಲೆ ಅವನು ನಾವು, ಬಾಯಲ್ಲಿ ಮಾತ್ರ ನಾನು, ಎರಡನ್ನೂ ಬೆರೆಸಬಾರದು, ಚಿಕ್ಕವನಿದ್ದಾಗ ನಮಗೆ ಇನ್ನೊಂದು ತುಂಡು ಬ್ರೆಡ್ ಬೇಕು ಎಂದಿದ್ದಕ್ಕೆ ಅಜ್ಜಿ ಬೆಣ್ಣೆಯ ಚಾಕು ಕೆಳಗಿಟ್ಟಳು, ನನಗೆ ಬೇಕು ಅನ್ನು, ನಮಗೆ ಅಂದ್ರೆ ನಾಡಿಗೆ ಅಂತ, ನಾಡಿಗೆ ಹಸಿವಾಗಿದೆಯಾ ಈಗ, ಇಲ್ಲ ಅಜ್ಜಿ, ಹಾಗಿದ್ರೆ ನಿನಗೆ ಹಸಿವಾಗಿದೆ. ಅಷ್ಟು ಸಣ್ಣ ಪಾಠ. ಅಷ್ಟು ವರ್ಷ ತಪ್ಪಿರಲಿಲ್ಲ. ರಾಯಭಾರಿಗಳ ಪತ್ರ ಪಡೆಯುವಾಗ ತಪ್ಪಿರಲಿಲ್ಲ, ಪದಕ ಚುಚ್ಚುವಾಗ, ಸೇತುವೆಯ ರಿಬ್ಬನ್ ಕತ್ತರಿಸುವಾಗ, ಗಣಿ ಕುಸಿದಾಗ ಶವಪೆಟ್ಟಿಗೆಗಳ ಸಾಲಿನ ಮುಂದೆ ನಡೆಯುವಾಗಲೂ ತಪ್ಪಿರಲಿಲ್ಲ, ಪ್ರತಿ ಸಲವೂ ಹಿಂದಿನ ದಿನವೇ ಕನ್ನಡಿ ಮುಂದೆ ಹೇಳಿ ನೋಡಿಕೊಳ್ಳುವವನು ಅವನು, ಎಲ್ಲ ಸರಿಯಾಗಿ ಮಾಡಿದೆನೇ ಎಂದು ಹಾಸಿಗೆಯಲ್ಲಿ ಮತ್ತೆ ಲೆಕ್ಕ ಹಾಕುವವನು, ಒಡಿಲಿಯಾ ಹೇಳುವ ಹಾಗೆ, ನಿದ್ದೆಯಲ್ಲೂ ಪರೀಕ್ಷೆ ಬರೆಯೋ ಹುಡುಗ — ಗಾಡಿ ಮೀನುಪೇಟೆಯ ತಿರುವಿನಲ್ಲಿ ವಾಲುತ್ತದೆ, ಮೊಣಕಾಲ ಮೇಲಿನ ಕೆಂಪು ಚರ್ಮದ ಕಡತ ಜಾರುತ್ತದೆ, ಹಿಡಿದುಕೊಳ್ಳುತ್ತಾನೆ, ಅದರೊಳಗೆ ಭಾಷಣ, ಸಂಸತ್ತನ್ನು ತೆರೆಯುವ ಭಾಷಣ, ಪ್ರತಿ ಪದವೂ ಸರ್ಕಾರ ಬರೆದದ್ದು, ಅವನು ಓದುವುದು ಮಾತ್ರ, ಒಂದು ಪದ ಬಿಡುವಂತಿಲ್ಲ, ಒಂದು ಪದ ಸೇರಿಸುವಂತಿಲ್ಲ, ಸೇರಿಸಿದ ಅರಸ ಮರುದಿನ ಅರಸನಾಗಿ ಉಳಿಯುವುದಿಲ್ಲ, ಮತ್ತು ಇವತ್ತು ರಾತ್ರಿ ಉಬ್ಬರದ ಹೊತ್ತಿಗೆ ಈ ಗಾಳಿ ಎಬ್ಬಿಸಿದ ಸಮುದ್ರ ಲಮ್ಮೆರ್‌ನ ಕಟ್ಟೆಗೆ ಬಂದು ಬಡಿಯುತ್ತದೆ. ಬೆಳಿಗ್ಗೆ ಟಿವಿಯಲ್ಲಿ ಅವಳನ್ನು ತೋರಿಸಿದರು. ಗೆಸೀನ, ಇನ್ನಷ್ಟು ಕುಗ್ಗಿದ್ದಾಳೆ, ಬಾಗಿಲಲ್ಲಿ ನಿಂತಿದ್ದಾಳೆ, ಕಾಲ ಬಳಿ ನೀಲಿ ಪೆಟ್ಟಿಗೆ, ಬೀಗ ಕೆಟ್ಟಿದೆಯೇನೋ, ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದು ಕಟ್ಟಿದ್ದಾಳೆ, ಒಂದು ಕೈ ಪೆಟ್ಟಿಗೆಯ ಹಿಡಿಯ ಮೇಲೇ ಇದೆ, ಹೋಗೋದಿಲ್ವಾ ಅಜ್ಜೀ, ಸೇತುವೆ ದಾಟ್ಸೋಕೆ ಬಸ್ ಕಾಯ್ತಿದೆ ಎಂದು ವರದಿಗಾರ ಕೇಳಿದರೆ, ನಾನೇನು ಹುಚ್ಚೀನಾ, ಕಟ್ಟಿಟ್ಟಿದೀನಿ ನೋಡು, ಆದ್ರೆ ಅರಸರು ಬಿಡೋದಿಲ್ಲ ಅಂದಿದಾರೆ, ನಾವು ಅಂದಿದಾರೆ, ಬರೀ ನಾನು ಅಂದಿಲ್ಲ, ಇವತ್ತು ಮಧ್ಯಾಹ್ನ ಮಾತಾಡ್ತಾರಲ್ಲ, ಹೊರಡಿ ಅಂತ ಒಂದು ಮಾತು ಅನ್ಲಿ, ಇದನ್ನ ಎತ್ಕೊಂಡು ಬಸ್ ಹತ್ತಿಬಿಡ್ತೀನಿ, ಅವಳ ಹಿಂದೆ ಅಕ್ಕಪಕ್ಕದ ಮನೆಯವರು ತಲೆಯಾಡಿಸುತ್ತಾರೆ, ಅನ್ನದಿದ್ರೆ, ಅನ್ನದಿದ್ರೆ ಕಟ್ಟೆ ನಿಲ್ಲುತ್ತೆ ಅಂತ ಅರ್ಥ, ಸೂಪು ಬಿಸಿ ಮಾಡ್ಕೊಂಡು ಮಲ್ಗೋದು. ಕ್ಯಾಮೆರಾ ಪೆಟ್ಟಿಗೆಯ ಕಡೆಗೆ ಇಳಿಯಿತು, ಹಿಡಿಯ ಮೇಲಿನ ಕೈ, ಊದಿದ ಗೆಣ್ಣುಗಳು, ಅವನ ಕೋಟಿನ ತೋಳು ಹಿಡಿದಿದ್ದ ಅದೇ ಕೈ.

ಅದನ್ನು ನೋಡಿ ತಾನೇ ಪ್ರಧಾನಿ ರೊಲ್ವಿಂಕ್‌ಗೆ ಫೋನ್ ಮಾಡಿದ್ದ, ಅದೂ ಪದ್ಧತಿಯಲ್ಲ, ಅವರು ಮಾಡಬೇಕು, ಅವಳ ಗಂಟಲಲ್ಲಿ ಇನ್ನೂ ಬೆಳಗಿನ ಕಾಫಿ ಇತ್ತು, ಪ್ರಭುಗಳೇ, ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಹೊರಡಿ ಅಂತ ನೀವಂದ್ರೆ ಕಟ್ಟೆ ನಿಲ್ಲೋದಿಲ್ಲ ಅಂತ ಸರ್ಕಾರ ಒಪ್ಕೊಂಡ ಹಾಗೆ, ನಾಳೆ ಈಗಿರೋ ಕಟ್ಟೆ ಸಾಕು ಅನ್ನೋ ಕರಾವಳಿ ಮಸೂದೆ ಬರ್ತಿದೆ, ಸರ್ಕಾರದ ಜೊತೆಗಿರೋ ಪಕ್ಷ ಇವತ್ತೇ ಎದ್ದುಹೋಗುತ್ತೆ, ಸರ್ಕಾರ ಬೀಳಿಸಿದ ಅರಸ ಅಂತ ಆಗ್ಬೇಕಾ ನೀವು, ಜನ ಮುಳುಗಿದ್ರೆ ಎಂದು ಕೇಳಿದ, ಎಂಜಿನಿಯರುಗಳು ನಿಲ್ಲುತ್ತೆ ಅಂತಾರೆ, ಖಂಡಿತಾನಾ, ಬಹುಶಃ ಅಂತಾರೆ, ಹೋಗಿ ಅಂತ ಎಲ್ರಿಗೂ ಸಲಹೆ ಕೊಟ್ಟಿದೀವಲ್ಲ, ಸಲಹೆ, ಆಜ್ಞೆ ಅಲ್ಲ, ಅವನಿಗೆ ಆ ಎರಡರ ನಡುವಿನ ಅಂತರ ಚೆನ್ನಾಗಿ ಗೊತ್ತು, ಇಡೀ ಬದುಕು ಅವನಿರುವುದು ಆ ಅಂತರದಲ್ಲೇ. ಕೊನೆಗೆ ಒಂದನ್ನು ಮಾತ್ರ ಬೇಡಿಕೊಂಡ, ಬೇಡಿಕೊಂಡದ್ದೇ ನಿಜ, ಭಾಷಣದಲ್ಲಿ ಯಾರೋ ಚೆಂದಕ್ಕೆಂದು ಬರೆದಿದ್ದ ಸಾಲಿತ್ತು, ನಾವು ಕರಾವಳಿಯ ಜನರನ್ನು ಮರೆಯುವುದಿಲ್ಲ ಎಂದು, ಅದನ್ನು ತೆಗೀರಿ, ಅದನ್ನ ಓದಿದ್ರೆ ಆಯಮ್ಮ ಅಲ್ಲಾಡೋದಿಲ್ಲ, ರೊಲ್ವಿಂಕ್ ನಿಟ್ಟುಸಿರಿಟ್ಟಳು, ಸರಿ, ತೆಗೀತೀವಿ, ಹೊಸ ಹಾಳೆ ಬಂತು, ನನ್ನ ಸರ್ಕಾರ ಕರಾವಳಿಯ ರಕ್ಷಣೆಯನ್ನು ಮರುಪರಿಶೀಲಿಸಲಿದೆ, ಒಣಗಿದ ಸಾಲು, ಯಾರಿಗೂ ಏನೂ ಹೇಳದ ಸಾಲು, ಅದನ್ನು ನೋಡಿ ಅವನಿಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು, ಏಕೆಂದರೆ ಏನೂ ಹೇಳದಿದ್ದರೆ ಕಟ್ಟೆ ನಿಲ್ಲುತ್ತದೆ ಎಂದೇ ಗೆಸೀನಳಿಗೆ ಅರ್ಥ, ನಿಲುವಂಗಿ ತೊಡಿಸುತ್ತಿದ್ದ ಹೊತ್ತಿನಲ್ಲಿ, ಕೊರಳಿನ ಕೊಂಡಿ ಹಾಕುತ್ತಿದ್ದಾಗ, ತಾನೇ ಹೇಳಿಕೊಂಡ, ಆ ಸಾಲು ಆದ ಮೇಲೆ ಒಂದು ಪದ, ಒಂದೇ, ಹೊರಡಿ — ಪಟ್ಟ ಹೋದರೆ ಹೋಗಲಿ, ಮಗಳು ಇನ್ನೂ ಓದುತ್ತಿದ್ದಾಳೆ, ಅವಳ ತಲೆಯ ಮೇಲೆ ಬೀಳುತ್ತದೆ, ಅಥವಾ ಯಾರ ತಲೆಯ ಮೇಲೂ ಬೀಳದೆ ಮುಗಿದೇ ಹೋಗುತ್ತದೆ, ಆಗಲಿ, ಹೊರಡಿ, ಹೊರಡಿ — ಏನು ಗೊಣಗ್ತಿದೀಯ, ಒಡಿಲಿಯಾ ಕೈ ಬೀಸುತ್ತಲೇ ಕೇಳುತ್ತಾಳೆ, ಏನಿಲ್ಲ, ಏನಿಲ್ಲ ಅಂದ್ರೆ ಏನೋ ಇದೆ, ನೋಡು, ಹೇಳ್ಬೇಕು ಅನ್ಸಿದ್ರೆ ಹೇಳಿಬಿಡು, ನಾನು ಹಳ್ಳಿಮನೆಗೆ ಹೋಗಿ ಕೋಳಿ ಸಾಕ್ತೀನಿ, ನನಗೇನೂ ಬೇಜಾರಿಲ್ಲ, ಹೇಳೋದಿಲ್ಲ ಅನ್ನೋದಾದ್ರೆ ಮುಖಾನಾದ್ರೂ ಸರಿ ಮಾಡ್ಕೋ, ಜ್ವರ ಬಂದೋನ ಥರ ಕಾಣ್ತಿದೀಯ. ಅವಳ ಕೈಗವಸಿನ ಬೆರಳು ಒಂದು ಕ್ಷಣ ಅವನ ಮೊಣಕಾಲು ಮುಟ್ಟಿ ಹೋಯಿತು. ಕಹಳೆ. ಸಂಸತ್ತಿನ ಮುಂದೆ ಗಾಡಿಯ ಬಾಗಿಲು ತೆರೆಯಿತು, ಗಾಳಿ ನಿಲುವಂಗಿಯನ್ನು ಹಿಡಿದೆಳೆಯಿತು, ಇಬ್ಬರು ಬೇಕಾಯಿತು ಅದನ್ನು ಹಿಡಿಯಲು, ಇಲ್ಲೇ ಹೀಗಿದ್ದರೆ ಅಲ್ಲಿ, ಕಟ್ಟೆಯ ಮೇಲೆ, ಅವಳ ಬಾಗಿಲಲ್ಲಿ, ಪೆಟ್ಟಿಗೆಯ ಹಿಡಿಯ ಮೇಲೆ ಕೈ.

ಸಭಾಂಗಣ ಬೆಚ್ಚಗಿದೆ, ಉಣ್ಣೆಯ, ಮೇಣದ ವಾಸನೆ, ಎಲ್ಲರೂ ಎದ್ದರು, ಕೂತರು, ಅವನು ಸಿಂಹಾಸನದಲ್ಲಿ ಕೂತ, ಬೆನ್ನು ಒರಗಿಸಬಾರದು, ಮೊದಲ ಸಾಲಿನಲ್ಲಿ ರೊಲ್ವಿಂಕ್, ಕೈಕಟ್ಟಿ, ಕಣ್ಣು ಅವನ ಬಾಯಿಯ ಮೇಲೆ, ಕಡತ ತೆರೆದ, ಓದಿದ, ಮಾನ್ಯ ಸದಸ್ಯರೇ, ಸುಗ್ಗಿ ಚೆನ್ನಾಗಿದೆ, ನೆರೆನಾಡುಗಳೊಂದಿಗೆ ಸ್ನೇಹ ಚೆನ್ನಾಗಿದೆ, ತನ್ನ ದನಿ ತನಗೇ ದೂರದಿಂದ ಕೇಳಿಸುತ್ತದೆ, ಒಳ್ಳೆಯ ದನಿ, ಯಾರದ್ದೂ ಅಲ್ಲದ ದನಿ, ಶಾಲೆಗಳು, ರೈಲುದಾರಿ, ಗೆಸೀನ ಈಗ ಟಿವಿಯ ಮುಂದೆ ನಿಂತಿರುತ್ತಾಳೆ, ಕೂತಿರುವುದಿಲ್ಲ, ಹಾಳೆ ತಿರುಗಿಸಿದ, ಕಂಡಿತು, ಕೆಳಗಿನಿಂದ ಮೂರನೆಯ ಸಾಲು, ನನ್ನ ಸರ್ಕಾರ, ಅಲ್ಲಿಂದ ಶುರು, ನಾವು ಅಲ್ಲ, ಅದನ್ನು ತೆಗೆಸಿದ್ದೇನೆ, ನಾನೇ ತೆಗೆಸಿದೆ, ನಾವು ಅನ್ನಬಾರದು, ನನ್ನ ಸರ್ಕಾರ ಮರುಪರಿಶೀಲಿಸಲಿದೆ, ಉಸಿರು, ಆಮೇಲೆ ಹೊರಡಿ, ಎಷ್ಟು ಸುಲಭ, ಮಗು ಕೂಡ ಹೇಳಬಹುದಾದ ಮಾತು, ಆಸ್ಪತ್ರೆಗಳು ಮುಗಿದವು, ಇನ್ನೊಂದು ಸಾಲು, ನಾವು ಅಲ್ಲ, ನಾವು ಅಲ್ಲ, ಲೋಟದಲ್ಲಿ ನೀರಿದೆ, ಮುಟ್ಟುವುದಿಲ್ಲ, ಕಣ್ಣು ಸಾಲಿನ ಮೇಲಿದೆ, ನನ್ನ ಎಂದು ಸ್ಪಷ್ಟವಾಗಿ ಅಚ್ಚಾಗಿದೆ, ಬಾಯಿ ತೆರೆದ — ನಾವು, ಎಂದಿತು ಬಾಯಿ. ನಾವು. ಸಭಾಂಗಣದ ಮೂಲೆಯವರೆಗೂ ಹೋಗಿ ಅಲ್ಲೇ ನಿಂತಿತು ಆ ಮಾತು. ರೊಲ್ವಿಂಕ್ ಕಟ್ಟಿದ್ದ ಕೈ ಬಿಚ್ಚಿದಳು. ನಾವು ಎಂದ ಮೇಲೆ ಹಾಳೆಯ ಸಾಲು ಕೂಡುವುದಿಲ್ಲ, ನಾವು ಸರ್ಕಾರ ಎನ್ನಲಾಗುವುದಿಲ್ಲ, ಏನಾದರೂ ಹೇಳಬೇಕು, ಹೊರಡಿ ಎನ್ನಬಹುದಿತ್ತು, ನಾವು ಹೊರಡಿ ಎನ್ನಲಾಗುವುದಿಲ್ಲವಲ್ಲ, ವ್ಯಾಕರಣ, ದೇವರೇ, ಈ ಹೊತ್ತಿನಲ್ಲಿ ವ್ಯಾಕರಣ, ಕ್ಯಾಮೆರಾದ ಕೆಂಪು ಚುಕ್ಕೆ, ಎಲ್ಲರೂ ಕಾಯುತ್ತಿದ್ದಾರೆ, ನಾಲಿಗೆಗೆ ಆ ಮಾತಿನ ಹಿಂದೆ ಗೊತ್ತಿರುವ ದಾರಿ ಒಂದೇ, ಒಮ್ಮೆ ನಡೆದ ದಾರಿ, ಬಟಾಣಿ ಸೂಪು, ಕಚ್ಚುವ ಬೂಟು — ನಾವು ಲಮ್ಮೆರ್‌ನ ಜನರನ್ನು ಬಿಡುವುದಿಲ್ಲ. ಹೇಳಿದ. ಹೇಳಿಯಾಯಿತು. ಹಿಂದಿನ ಸಾಲಿನಿಂದ ಯಾರದೋ ಚಪ್ಪಾಳೆ, ಕರಾವಳಿಯ ಸದಸ್ಯರು ಏಳುತ್ತಾರೆ, ವಿರೋಧ ಪಕ್ಷ ಏಳುತ್ತದೆ, ಅಳುತ್ತಿರುವವನೊಬ್ಬ ಟೋಪಿ ಎತ್ತಿದ್ದಾನೆ, ರೊಲ್ವಿಂಕ್ ಬಿಳಿಚಿದ ಮುಖದಲ್ಲೇ ಎದ್ದು ಕೈ ತಟ್ಟುತ್ತಾಳೆ, ತಟ್ಟದೆ ಏನು ಮಾಡಿಯಾಳು, ಒಡಿಲಿಯಾ ತಟ್ಟುತ್ತಿಲ್ಲ, ಅವನನ್ನೇ ನೋಡುತ್ತಿದ್ದಾಳೆ, ಈಗ, ಈಗಲೂ ಹೊತ್ತಿದೆ, ಹೊರಡಿ, ಎಂದ, ಅಂದೆನೇ, ಹೊರಡಿ ಗೆಸೀನ, ಅರಸರಿಗೆ ಜಯವಾಗಲಿ, ಹೊರಡಿ, ಜಯವಾಗಲಿ, ತನ್ನ ದನಿ ತನಗೇ ಕೇಳಿಸುವುದಿಲ್ಲ, ಮತ್ತೆ ಜಯವಾಗಲಿ, ಅಲ್ಲಿ ದೀಪ ಹಚ್ಚಿದ ಅಡುಗೆಮನೆ, ಟಿವಿಯಲ್ಲಿ ಬಾಯಿ ತೆರೆದು ಮುಚ್ಚುತ್ತಿರುವ ಅರಸ, ಸದ್ದಿಲ್ಲದ ಅರಸ, ಬಾಗಿಲ ಬಳಿ ಹಗ್ಗ ಬಿಗಿದ ನೀಲಿ ಪೆಟ್ಟಿಗೆ, ಹಿಡಿಯ ಮೇಲೆ ಕೈ, ಊದಿದ ಗೆಣ್ಣುಗಳ ಕೈ, ಅದು ಸಡಿಲವಾಗುತ್ತಿದೆ, ಒಂದೊಂದೇ ಬೆರಳು, ಹಿಡಿಯ ಮೇಲಿನಿಂದ ಕೈ ಏಳುತ್ತಿದೆ, ಹಿಡಿ, ಬರೀ ಹಿಡಿ